ಕಡಾಯಿ ಮುಂದೆ ಬಾಯಿ ಕಟ್ಟಿ

ಭಜಿ ಕರಿಯುವವನಿಗೆ ಭಜಿ ಕಂಡರೆ ಬೇಸರ ಅಂತ ಜನ ತಿಳಿದಿದ್ದಾರೆ. ಅದು ಸುಳ್ಳು. ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ನಾನು ಮಿರ್ಚಿ ಭಜಿ ಬಂಡಿ ಹಚ್ಚಿ ವರ್ಷಗಳೇ ಆದವು. ಮೆಣಸಿನಕಾಯಿ ಸೀಳಿ, ಹುಣಸೆಹಣ್ಣು, ಜೀರಿಗೆ, ಉಪ್ಪು ಅರೆದು ಒಳಗೆ ಸವರಿ, ಅಜವಾನ ಹಾಕಿ ಕಲಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಾಗ ಏಳುವ ವಾಸನೆಗೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ. ಇಂಥವನಿಗೆ ಶುಗರ್ ಬಂದರೆ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತಿದ್ದೇನೆ.

ಮನೆ ಬಸವಕಲ್ಯಾಣದಲ್ಲಿ, ದುಡಿಮೆ ಹುಮನಾಬಾದಿನಲ್ಲಿ. ದಿನಾ ಸಸ್ತಾಪುರ ಬಂಗ್ಲಾ ಮೇಲೆ ಬಸ್ಸಿನ ಓಡಾಟ. ಮೊದಮೊದಲು ವಿಪರೀತ ನೀರಡಿಕೆ, ರಾತ್ರಿ ಮೇಲಿಂದ ಮೇಲೆ ಏಳುವುದು. ಬಿಸಿಲಿನ ಊರು, ಬೆಂಕಿಯ ಮುಂದಿನ ಕೆಲಸ, ಅದಕ್ಕೇ ನೀರಡಿಕೆ ಅಂದುಕೊಂಡೆ. ಕಾಲಿಗೆ ಆದ ಸಣ್ಣ ಗಾಯ ಮಾಯಲೊಲ್ಲದು ಎಂದಾಗ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಬಂತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ.

ಡಾಕ್ಟರು ಕೇಳಿದರು, ‘ದಿನಕ್ಕ ಎಷ್ಟು ಭಜಿ ತಿಂತೀರಿ?’

‘ಒಂದೂ ಇಲ್ರಿ ಸರ್. ಬರೀ ಉಪ್ಪು ನೋಡ್ತೀನಿ.’

ಮನೆಯಾಕೆ ಪಕ್ಕದಲ್ಲೇ ಕುಳಿತಿದ್ದಳು, ಏನೂ ಅನ್ನಲಿಲ್ಲ. ಮರುದಿನ ಬುತ್ತಿಯ ಜೊತೆ ಒಂದು ಖಾಲಿ ಸ್ಟೀಲ್ ಡಬ್ಬಿ ಕೊಟ್ಟಳು. ‘ಬಾಯಿಗಿ ಹಾಕೋದೆಲ್ಲ ಇದರಾಗ ಹಾಕರಿ. ಸಂಜಿಗಿ ನೋಡಮ್.’

ಸಂಜೆ ಡಬ್ಬಿ ತೆಗೆದಾಗ ನನಗೇ ನಂಬಿಕೆ ಆಗಲಿಲ್ಲ. ಎಣ್ಣೆಯಲ್ಲಿ ತೇಲುವ ಹಿಟ್ಟಿನ ಗರಿಗರಿ ಚೂರು, ತುದಿ ಮುರಿದ ಭಜಿ, ಪಾವಿನ ತುಣುಕು, ಗಿರಾಕಿಗೆ ಕೊಡಲು ಬಾರದಷ್ಟು ಕೆಂಪಾದದ್ದು, ಇವೆಲ್ಲ ಸೇರಿ ಮುಚ್ಚಳ ಹಾಕಲು ಆಗದಷ್ಟು ತುಂಬಿದ್ದವು. ಇದರ ಮೇಲೆ ಸಕ್ಕರೆ ಜಾಸ್ತಿ ಹಾಕಿದ ಚಹಾ ಬೇರೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಒಂದು ಗ್ರಾಂ ಸಕ್ಕರೆಗೆ 4 ಅಂತ ಡಾಕ್ಟರು ಹೇಳಿದ್ದು ಆಗ ತಲೆಗೆ ಹೋಯಿತು. ನಾನು ಪ್ಲೇಟಿಗೆ ಹಾಕಿಕೊಂಡು ಭಜಿ ತಿನ್ನುತ್ತಿರಲಿಲ್ಲ, ಅದು ನಿಜ. ಆದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು, ನನ್ನನ್ನು ಕೇಳುತ್ತಿರಲಿಲ್ಲ.

ಬಿಡಬೇಕು ಅಂದಾಗ ಶುರುವಾಯಿತು ನಿಜವಾದ ಕಷ್ಟ. ನಾಲ್ಕು ಗಂಟೆ ಆಯಿತೆಂದರೆ ತಲೆ ಸಿಡಿಯುವುದು, ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗುವುದು. ದೇವರ ಮೇಲೆ ಆಣೆ ಮಾಡಿ ನೋಡಿದೆ. ಬೆಳಿಗ್ಗೆ ಮಾಡಿದ ಆಣೆ ಸಂಜೆಯ ಗದ್ದಲದಲ್ಲಿ ನೆನಪಿಗೇ ಬರುತ್ತಿರಲಿಲ್ಲ.

ದಾರಿ ತೋರಿಸಿದವರು ಪಕ್ಕದ ಬಂಡಿಯ ಸಮೋಸಾ ಭಾಯ್. ರಂಜಾನ್ ತಿಂಗಳು, ಸುಡುವ ಬಿಸಿಲು. ಅವರದು ರೋಜಾ. ಬೆಳಗಿನಿಂದ ಒಂದು ಗುಟುಕು ನೀರಿಲ್ಲ. ಆದರೂ ಇಫ್ತಾರಿನ ಹೊತ್ತಿಗೆ ಬೇಕಾಗುವ ಸಮೋಸಾ, ಭಜಿಯನ್ನೆಲ್ಲ ಮಧ್ಯಾಹ್ನದಿಂದಲೇ ಕರಿಯುತ್ತಾರೆ. ಅಷ್ಟು ವರ್ಷ ಪಕ್ಕದಲ್ಲೇ ನಿಂತರೂ ನಾನು ಅದನ್ನು ಗಮನಿಸಿರಲಿಲ್ಲ.

‘ಉಪ್ಪು ಹ್ಯಾಂಗ ನೋಡ್ತೀರಿ ಭಾಯ್?’

‘ನೋಡಾದೇ ಇಲ್ಲ ಅಣ್ಣಾ. ಅಳತಿ ಅದ’ ಎಂದು ಒಂದು ಸಣ್ಣ ತಗಡಿನ ಬಟ್ಟಲು ತೋರಿಸಿದರು. ಇಷ್ಟು ಹಿಟ್ಟಿಗೆ ಇಷ್ಟು ಉಪ್ಪು. ಅನುಮಾನ ಬಂದರೆ ರೋಜಾ ಇಲ್ಲದ ಚಿಕ್ಕ ಹುಡುಗನ ಬಾಯಿಗೆ ಒಂದು ಚೂರು.

ಮರುದಿನವೇ ನಾನೂ ಒಂದು ಬಟ್ಟಲು ಇಟ್ಟುಕೊಂಡೆ. ರುಚಿ ನೋಡುವ ಕೆಲಸ ಕೈಕೆಳಗಿನ ಹುಡುಗನಿಗೆ. ಎಣ್ಣೆಯಲ್ಲಿನ ಚೂರುಗಳನ್ನು ಝಾರಿಯಿಂದ ಎತ್ತಿದ ಕೂಡಲೇ ನೀರಿನ ಬಕೆಟ್ಟಿಗೆ ಹಾಕತೊಡಗಿದೆ, ಒದ್ದೆ ಆದದ್ದನ್ನು ಯಾರು ತಿಂತಾರೆ? ಒಲೆ ಹಚ್ಚುವ ಮೊದಲೇ ಊಟ. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ಇಲ್ಲವೆ ಹೆಸರುಕಾಳು, ಮಜ್ಜಿಗೆ. ಹೊಟ್ಟೆ ತುಂಬಿದವನಿಗೆ ವಾಸನೆ ಬರೀ ವಾಸನೆ. ಹಸಿದವನಿಗೆ ಅದೇ ವಾಸನೆ ಹುಕುಂ.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಇನ್ನೊಂದು ಪಾಠ ಆಯಿತು. ತೇರಿನ ದಿನ ಜನವೋ ಜನ. ಶುಗರ್ ಮಾತ್ರೆ ತಗೊಂಡಿದ್ದೆ, ಊಟಕ್ಕೆ ಹೊತ್ತು ಸಿಗಲಿಲ್ಲ. ಎಡಕ್ಕೆ ಜಿಲೇಬಿ, ಬಲಕ್ಕೆ ಚುರುಮುರಿ, ನಡುವೆ ನಾನು ಬಾಯಿ ಕಟ್ಟಿ ನಿಂತವನು. ಒಮ್ಮೆಲೇ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣಿಗೆ ಕತ್ತಲೆ. ಎದುರಿಗೆ ಕುದಿಯುವ ಎಣ್ಣೆ. ಹುಡುಗ ಹಿಂದಕ್ಕೆ ಎಳೆದು ಕೂರಿಸಿದ. ಭಾಯ್ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದರು. ಕಾಲು ತಾಸಿನೊಳಗೆ ಜೀವ ಬಂದಂತಾಯಿತು. ಸಕ್ಕರೆ ಇಳಿದು ಹಾಗಾಗಿತ್ತು. ಬಾಯಿ ಕಟ್ಟುವುದೆಂದರೆ ಹೊಟ್ಟೆ ಕಟ್ಟುವುದಲ್ಲ ಅಂತ ಡಾಕ್ಟರು ಖಡಕ್ಕಾಗಿ ಹೇಳಿದರು. ಅಂದಿನಿಂದ ಎಂಥ ಗದ್ದಲವಿದ್ದರೂ ಊಟದ ಹೊತ್ತಿಗೆ ಝಾರಿ ಕೆಳಗಿಡುತ್ತೇನೆ.

ಇವೆಲ್ಲಕ್ಕಿಂತ ಗಟ್ಟಿ ಪರೀಕ್ಷೆ ನಮ್ಮ ಜನರ ಪ್ರೀತಿ. ಮದುವೆ, ಸೀಮಂತ, ಮನೆ ಶಾಂತಿ, ಎಲ್ಲಿ ಹೋದರೂ ‘ಒಂದಕ್ಕ ಏನಾಗ್ತದ, ತಿನ್ನರಿ’ ಎಂದು ತಾಟಿಗೆ ಶೇಂಗಾ ಹೋಳಿಗೆ ಬೀಳುತ್ತದೆ. ಬೇಡ ಅಂದರೆ ಮುನಿಸು. ನಮ್ಮದು ಹನ್ನೆರಡನೇ ಶತಮಾನದ ಶರಣರ ಊರು. ದಾಸೋಹದ ಪ್ರಸಾದಕ್ಕೆ ಬೇಡ ಅನ್ನಲು ನಾಲಗೆ ಏಳುವುದಿಲ್ಲ. ಒಮ್ಮೆ ಬಸವಕಲ್ಯಾಣದಲ್ಲಿ ಪ್ರವಚನ ಕೇಳುವಾಗ ಆರು ಮೆಟ್ಟಿಲುಗಳ ಷಟ್‌ಸ್ಥಲದ ಮಾತು ಬಂತು. ಭಕ್ತ, ಮಹೇಶ ಆದ ಮೇಲೆ ಮೂರನೆಯದು ಪ್ರಸಾದಿ. ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ಕೆಡಿಸಬಾರದು ಎಂದರು ಹೇಳಿದವರು. ನನಗೆ ಅಷ್ಟು ಸಾಕಾಯಿತು. ಈಗ ಗೋಧಿ ಹುಗ್ಗಿ ಬಡಿಸಲು ಬಂದವರಿಗೆ ಕೈಮುಗಿದು ‘ಒಂದೇ ಚಮಚ ರೀ, ಯಪ್ಪಾ’ ಅನ್ನುತ್ತೇನೆ, ಅದನ್ನು ನಿಧಾನಕ್ಕೆ ಉಣ್ಣುತ್ತೇನೆ.

ಮೂರು ತಿಂಗಳ ಸರಾಸರಿ ಈಗ 7ರ ಒಳಗಿದೆ. ಕಾಲಿನ ಗಾಯ ಮಾಯ್ದಿದೆ. ಬಂಡಿಯೂ ನಡೆದಿದೆ, ಬೆಳೆದ ಮಕ್ಕಳ ಫೀಸು ಅದರಿಂದಲೇ ಬರಬೇಕು. ನೀನು ತಿನ್ನದ್ದನ್ನು ಮಂದಿಗೆ ಮಾರುತ್ತೀಯಲ್ಲ ಅಂತ ಕೇಳುವವರಿದ್ದಾರೆ. ಅಪರೂಪಕ್ಕೆ ಎರಡು ಭಜಿ ತಿಂದರೆ ಗಟ್ಟಿ ಆಳಿಗೆ ಏನೂ ಆಗುವುದಿಲ್ಲ. ದಿನಾ ಬಂದು ಪ್ಲೇಟಿನ ಮೇಲೆ ಪ್ಲೇಟು ಕೇಳುವವರಿಗೆ ಮಾತ್ರ ‘ಒಮ್ಮೆ ರಕ್ತ ಚೆಕ್ ಮಾಡಿಸ್ರಿ’ ಅನ್ನುತ್ತೇನೆ. ಕೆಲವರು ನಗುತ್ತಾರೆ, ಒಬ್ಬಿಬ್ಬರು ಮಾಡಿಸಿಕೊಂಡೂ ಬಂದಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರತಂದ ಅಧ್ಯಯನದ ಲೆಕ್ಕದಲ್ಲಿ ದೇಶದ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ನಿಮ್ಮ ಮನೆಗೆ ಬರುವ ಬೀಗರಲ್ಲೂ ಯಾರಿಗೋ ಇದ್ದೇ ಇರುತ್ತದೆ. ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದು ಬೇಡ ಅಂದರೆ, ದಯವಿಟ್ಟು ಎರಡನೇ ಸಲ ಒತ್ತಾಯ ಮಾಡಬೇಡಿ.