ಲಲಿತಮಹಲಿನ ಹುಲ್ಲುಹಾಸು

ಚಾಮುಂಡಿಬೆಟ್ಟದಿಂದ ಮೈಸೂರನ್ನು ನೋಡಿದವರು ಬೆಳ್ಳನೆಯ ಗುಮ್ಮಟವೊಂದನ್ನು ಕಂಡೇ ಇರುತ್ತಾರೆ. ಅದೇ ಲಲಿತಮಹಲು. ವೈಸರಾಯರ ಬಿಡಾರಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಸ್ತಿಭಾರ ಹಾಕಿದ ಈ ಅರಮನೆ 1974ರಲ್ಲಿ ಹೋಟೆಲಾಯಿತು. ನಮ್ಮಂಥವರಿಗೂ ಬಾಗಿಲು ತೆರೆಯಿತು!

ನಾವು ಹೋದದ್ದು ತಮ್ಮನ ಮಗಳ ಆರತಕ್ಷತೆಗೆ ಸ್ಥಳ ನೋಡಲು. ತಮ್ಮನ ಪಟ್ಟಿಯಲ್ಲಿ ಎಂಟುನೂರು ಹೆಸರು. "ಸಾಲಿನಲ್ಲಿ ಬಂದವರಿಗೆ ಕೈಮುಗಿಯುವುದಷ್ಟೇ ಆದರೆ ನನಗೆ ಬೇಡಪ್ಪ, ಎಲ್ಲರೊಡನೆ ಕುಳಿತು ಮಾತನಾಡಬೇಕು" ಎಂದಳು ಹುಡುಗಿ. ತಮ್ಮ ಮುಖ ಸಿಂಡರಿಸಿದ. ಅಷ್ಟರಲ್ಲಿ ಅಮ್ಮ ಮೆಟ್ಟಿಲುಗಳ ಬುಡದಲ್ಲೇ ನಿಂತುಬಿಟ್ಟರು. "ಇದನ್ನು ನಾನು ಹತ್ತಲಾರೆ ಕಣಪ್ಪ. ಹೊರಗಿನ ಹುಲ್ಲುಹಾಸೇ ಸಾಕು."

ಹುಲ್ಲುಹಾಸೇ ಗೊತ್ತಾಯಿತು. ಮಾಘದ ಸಂಜೆ, ದುಂಡಗೆ ಹಾಕಿದ ಕುರ್ಚಿಗಳು, ಮೈಸೂರುಪಾಕು, ಕಾಫಿ, ಒಂದು ವೀಣೆ. ರಾತ್ರಿ ತಮ್ಮ ಪಟ್ಟಿ ಹಿಡಿದು ಕುಳಿತ. ಮೊದಲು ಹೊಡೆದುಹಾಕಿದ್ದು ತನ್ನ ಮೇಲಧಿಕಾರಿಯ ಹೆಸರನ್ನು.