ಒಂದ್ ಆಡು ಆಡ್ತೀನಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದವರು ನಮ್ಮ ಆಫೀಸಿನಲ್ಲಿ ಟೀಮಿಗೆ ಇಬ್ಬರಾದರೂ ಸಿಗ್ತಾರೆ. ಬುಡದಲ್ಲಿ ಕಾರು ನಿಲ್ಲಿಸಿ ಕೆಎಸ್ಸಾರ್ಟಿಸಿ ಬಸ್ ಹತ್ತಿದ್ದು, 1454 ಮೀಟರ್ ಎತ್ತರದಲ್ಲಿ ಮಂಜಿನೊಳಗೆ ನಿಂತಿದ್ದು, ಕೊಳಲೂದೋ ಗೋಪಾಲನಿಗೆ ಕೈ ಮುಗಿದಿದ್ದು, ವಾಪಸ್ ಬರೋವಾಗ ಚೆಂಡು ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಂಡಿದ್ದು, ಎಲ್ಲಾ ಹೇಳ್ತಾರೆ. ಆ ಹೊಲಗಳಲ್ಲಿ ರಾತ್ರಿ ಏನಾಗುತ್ತೆ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ನಮ್ಮೂರು ಆ ಬೆಟ್ಟದ ಕೆಳಗೇ ಇರೋದರಿಂದ ನಾನೇ ಹೇಳಿಬಿಡ್ತೀನಿ. ರಾತ್ರಿ ಅಲ್ಲಿ ಹಾಡ್ತಾರೆ.

ಯಾಕಂದ್ರೆ ಆಚೆ ಬದಿಗೇ ಬಂಡೀಪುರದ ಕಾಡು. ಕತ್ತಲಾದ ಮೇಲೆ ಹಂದಿ, ಆನೆ ಯಾವಾಗ ಬರ್ತವೆ ಹೇಳಕ್ಕಾಗಲ್ಲ. ಬಾಳೆ ಗೊನೆ ಬಿಟ್ಟಾಗ, ಜೋಳ ಹಾಲು ತುಂಬಿದಾಗ ಮನೆಗೊಬ್ಬರು ಹೊಲದಲ್ಲಿ ಅಟ್ಟಣೆ ಮೇಲೆ ಕೂತು ಕಾಯಲೇಬೇಕು. ನಿದ್ದೆ ಬರಬಾರದು, ಇಲ್ಲಿ ಮನುಷ್ಯ ಇದ್ದಾನೆ ಅಂತ ಪ್ರಾಣಿಗೂ ಗೊತ್ತಾಗಬೇಕು. ಅದಕ್ಕೇ ಕೂಗೋದು, ಹಾಡೋದು. ನಮ್ಮ ಚಿಕ್ಕಪ್ಪನ ಮಗ ಹಾಡು ಕಲಿತಿದ್ದು ಹೀಗೆ. ಗೊತ್ತಿರೋ ಹಾಡೆಲ್ಲ ಮುಗಿದ ಮೇಲೂ ಬೆಳಗಾಗದೇ ಇದ್ದಾಗ ಅವನೇ ಕಟ್ಟಕ್ಕೆ ಶುರು ಮಾಡಿದ.

ಡಿಗ್ರಿ ಮುಗಿಸಿ, ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ತಗೊಂಡು, ಹೋದ ವರ್ಷ ಬೆಂಗಳೂರಿಗೆ ಬಂದು ನನ್ನ ರೂಮಲ್ಲಿ ಸೇರಿಕೊಂಡ. ಹಗಲು ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ, ರಾತ್ರಿ ಹಾಡು. ಚಿಕ್ಕಪ್ಪ ಗಡುವು ಕೊಟ್ಟಿದ್ರು: "ಅರಿಸಿನ ಕೀಳೋ ಹೊತ್ಗ ಏನೂ ಆಗ್ನಿಲ್ಲ ಅಂದ್ರ ಬಂದ್ಬುಡು. ಆಳು ಸಿಕ್ಕಲ್ಲ." ಅಂದ್ರೆ ಜನವರಿ. ನವೆಂಬರ್ ಬಂದ್ರೆ ಬೆಂಗಳೂರಿನ ಕೆಫೆಗಳಿಗೂ ಕನ್ನಡ ನೆನಪಾಗುತ್ತಲ್ಲ, ಆಗ ಇಂದಿರಾನಗರದ ಒಂದು ಕಡೆಯಿಂದ ಕರೆ ಬಂತು. ಹದಿನೈದು ನಿಮಿಷ, ಮೂರು ಹಾಡು, ಎಲ್ಲಾ ಸ್ವಂತದ್ದು.

ಅವನಿಗೆ ಹೆದರಿಕೆ ಇದ್ದಿದ್ದು ಸ್ಟೇಜಿನದ್ದಲ್ಲ. "ಅಣ್ಣ, ಮೈಕಲ್ಲಿ ಒಂದ್ ಆಡು ಆಡ್ತೀನಿ ಅಂದ್ರ ನಗಾಡ್ತಾರಾ?" ಅಂದ.

ನಮ್ಮ ಕಡೆ ಹಕಾರ ಹುಟ್ಟಾನೇ ಇಲ್ಲ. ಹಾಲು ಆಲು, ಹಟ್ಟಿ ಅಟ್ಟಿ, ಹಾಡು ಆಡು. ಪುಸ್ತಕದಲ್ಲಿ ಈ ಭಾಷೆಗೆ ಮರ್ಯಾದೆ ಸಿಕ್ಕಿ ಬಹಳ ಕಾಲ ಆಯ್ತು. ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದ ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದ್ರೆ ಓದೋರು ಎದುರಿಗೆ ಕೂತು ನಗಲ್ಲ, ಮೈಕಿನ ಮುಂದೆ ಕೂತವರು ನಗ್ತಾರೆ. ಒಂದು ವಾರ ರೂಮಿನಲ್ಲಿ ಪ್ರಾಕ್ಟೀಸ್ ನಡೀತು. ಹಾಡು, ಹಾಲು, ಹಳ್ಳಿ. ಹಕಾರ ಬಂತು, ಬಂದಿದ್ದು ಬಿಟ್ಟು ಹೋಗಲಿಲ್ಲ. ಅವನ ಒಳ್ಳೇ ಹಾಡು ಇರೋದೇ ಬಾಳೆತೋಟಕ್ಕೆ ನುಗ್ಗೋ ಒಂಟಿ ಆನೆ ಮೇಲೆ. ಅದು 'ಹಾನೆ' ಆಗಿಹೋಯ್ತು! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹಕಾರವನ್ನ ಅಲ್ಲಿಗೇ ಬಿಟ್ಟೆವು.

ಹಾಗೆ ನೋಡಿದ್ರೆ ಗೊತ್ತಿಲ್ಲದ ಊರಿಗೆ ಹೋಗಿ ಹಾಡೋದು ನಮ್ಮ ಸೀಮೆಗೆ ಹೊಸದಲ್ಲ. ತಂಬೂರಿ, ಡಕ್ಕೆ, ಗಗ್ಗರ, ತಾಳ ಹಿಡಿದು ಮಂಟೇಸ್ವಾಮಿ ಕಥೆಯನ್ನ ರಾತ್ರಿಯಿಡೀ ಹಾಡೋ ನೀಲಗಾರರು ಊರಿಂದೂರಿಗೆ ಹೋಗೋರೇ. ಆ ಕಥೆಯೊಳಗೂ ಇಂಥದ್ದೇ ಒಂದು ಪ್ರಸಂಗ ಇದೆ. ಗುರುವಿನ ಮಾತಿನಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆಗೆ ಹೋಗ್ತಾರೆ. ಅವರು ಇದ್ದರೂ ಇಲ್ಲ ಅಂತಾರೆ, ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಹೊಸ ಊರು ಯಾರಿಗೂ ಮೊದಲ ದಿನವೇ ಬಾಗಿಲು ತೆಗೆಯಲ್ಲ ಅನ್ನೋದು ನಮ್ಮಜ್ಜಿಗೂ ಗೊತ್ತಿತ್ತು.

ಈ ಕಾಲದವರನ್ನೇ ನೋಡಿ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಗಿಟಾರ್ ಹಿಡಿದು ಷರೀಫರ ತತ್ವಪದ ಹಾಡಿದ್ರು. ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, 2010ಕ್ಕೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ ತಲುಪಿದ್ರು. 2005ರಲ್ಲಿ ಅರಮನೆ ಮೈದಾನ ತುಂಬಿಸಿದ ಸಿ. ಅಶ್ವತ್ಥ್ ವರ್ಷಗಟ್ಟಲೆ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಹಾಡಿದವರು. ಇದನ್ನೆಲ್ಲ ತಮ್ಮನಿಗೆ ಹೇಳಿದೆ. "ಅವ್ರಿಗ ಅರಿಸಿನ ಇರ್ನಿಲ್ವಲ್ಲಣ್ಣ" ಅಂದ.

ಆವತ್ತು ಮೂವತ್ತು ಜನ ಇದ್ದಿರಬಹುದು. ಮೊದಲು ಒಬ್ಬ ಸ್ಟ್ಯಾಂಡಪ್ ಕಾಮಿಡಿಯವನು, ಆಮೇಲೆ ಇವನು. ಮೈಕ್ ಕೊಡೋವಾಗ ಅಲ್ಲಿಯವರು ಮೆಲ್ಲಗೆ "ಎಲ್ರಿಗೂ ಗೊತ್ತಿರೋದು ಒಂದು ಹಾಡ್ಬಿಡಿ ಬ್ರೋ, ಅಣ್ಣಾವ್ರದ್ದು" ಅಂದ್ರು. ಅಣ್ಣಾವ್ರ ಗಾಜನೂರು ನಮ್ಮ ಜಿಲ್ಲೆಯ ಗಡಿ ದಾಟಿದ್ರೆ ಸಿಗುತ್ತೆ, ಇವನಿಗೆ ಅವರ ಹಾಡು ಬಾರದೇ ಏನಿಲ್ಲ. ಆದ್ರೂ ಸುಮ್ಮನೆ ತಲೆ ಆಡಿಸಿ, ತನ್ನದನ್ನೇ ಶುರು ಮಾಡಿದ.

ಮೊದಲ ಹಾಡು ಮಿಕ್ಸಿ ಸದ್ದಲ್ಲಿ ಹೋಯ್ತು. ಯಾರೋ ಮಿಲ್ಕ್ ಶೇಕ್ ಹೇಳಿದ್ರು. ಎದುರಿನ ಟೇಬಲ್ಲಿನಲ್ಲಿ ಅಪ್ರೈಸಲ್ ಮಾತು. ಹಾಡು ಮುಗಿದಾಗ ಚಪ್ಪಾಳೆ ತಟ್ಟಿದವರು ನಾಲ್ಕು ಜನ, ಅದರಲ್ಲಿ ನಾನೊಬ್ಬ.

ಎರಡನೇದಕ್ಕೆ ಅವನು ಗಿಟಾರ್ ಪಕ್ಕಕ್ಕಿಟ್ಟ. ಅಟ್ಟಣೆ ಮೇಲಿಂದ ಹಂದಿ ಓಡಿಸ್ತೀವಲ್ಲ, ಆ ಕೂಗು ಹಾಕಿದ. ಒಂದೇ ಸಲ. ಕೌಂಟರಿನವನು ಏನಾಯ್ತೋ ಅಂತ ಮಿಕ್ಸಿ ನಿಲ್ಲಿಸಿಬಿಟ್ಟ. ಎಲ್ಲರೂ ತಿರುಗಿ ನೋಡಿದ್ರು. ಇವನು ಆರಾಮಾಗಿ, "ರಾತ್ರ ಒಲದಲ್ಲಿ ಇಂಗೇ ಕೂಗೋದು. ಆನ ಮೇಲ ಒಂದ್ ಆಡು ಆಡ್ತೀನಿ" ಅಂದ. ಇಬ್ಬರು ನಕ್ಕರು. ಇವನೂ ನಕ್ಕ. ಆಮೇಲೆ ಹಾಡಿದ. ಆ ಹಾಡಿನಲ್ಲಿ ಆನೆಗೆ ಬೈಗುಳ ಇಲ್ಲ. ಎಷ್ಟು ಗೊನೆ ತಿಂತು, ಯಾವ ಸಾಲು ತುಳೀತು, ಯಾರ ಸಾಲ ಉಳೀತು ಅಂತ ಒಬ್ಬ ರೈತ ಕತ್ತಲಲ್ಲಿ ಲೆಕ್ಕ ಹಾಕ್ತಾ ಹೋಗ್ತಾನೆ ಅಷ್ಟೇ. ಅಪ್ರೈಸಲ್ ಟೇಬಲ್ ಸುಮ್ಮನಾಯ್ತು. ಇಎಂಐ ಕಟ್ಟೋರಿಗೆ ಆ ಲೆಕ್ಕ ಅರ್ಥ ಆಗದೇ ಇರುತ್ತಾ?

ಮುಗಿಸಿ ಇಳಿಯುವಾಗ ಮೆಟ್ಟಿಲ ಮೇಲೆ ಕಟ್ಟಡದ ಸೆಕ್ಯುರಿಟಿಯವರು ನಿಂತಿದ್ರು. ಯಳಂದೂರು ಕಡೆಯವರಂತೆ, ಕೂಗು ಕೇಳಿ ಮೇಲೆ ಬಂದಿದ್ರು. "ಚೆನ್ನಾಗದ ಕಣಪ್ಪ. ಆದ್ರ ಪರಿಹಾರ ಎಷ್ಟ್ ಕೊಟ್ರು ಅನ್ನೋದ್ನೂ ಆಕ್ಬೇಕಾಗಿತ್ತು" ಅಂದ್ರು. ಆ ರಾತ್ರಿ ಬಂದ ಒಂದೇ ಒಂದು ವಿಮರ್ಶೆ ಅದು. ಬಸ್ಸಿನಲ್ಲೇ ಕೂತು ಆ ಚರಣ ಬರೆದ.

ಕ್ಯೂಆರ್ ಕೋಡಿಗೆ ಬಿದ್ದಿದ್ದು 640 ರೂಪಾಯಿ. ಊರಿಗೆ ಫೋನ್ ಮಾಡಿ ಹೇಳಿದ. ದುಡ್ಡಿನ ಬಗ್ಗೆ ಚಿಕ್ಕಪ್ಪ ಏನೂ ಅನ್ನಲಿಲ್ಲ. "ಉಣ್ಣಾಕ್ ಇಕ್ಕುದ್ರಾ?" ಅಂತ ಕೇಳಿದ್ರು.

"ಇಲ್ಲಪ್ಪ, ಅಲ್ಲಿ ಅಂಗೆಲ್ಲ ಇಲ್ಲ."

"ಆಡೋರ್ನ ಉಣ್ಣಾಕ್ ಇಕ್ದೇ ಕಳಿಸ್ತಾರಾ? ಅದೆಂತಾ ಊರ್ಲಾ ಅದು?"

ನಾನು ಈ ಊರಲ್ಲಿ ಹತ್ತು ವರ್ಷದಿಂದ ಇದ್ದೀನಿ. ಬೆಂಗಳೂರಿನ ಟ್ರಾಫಿಕ್ಕು, ಬಾಡಿಗೆ, ನೀರು ಎಲ್ಲದಕ್ಕೂ ಬೈದಿದ್ದು ಕೇಳಿದ್ದೀನಿ. ಈ ಆಪಾದನೆ ಮಾತ್ರ ಹೊಸದು. ನೀಲಗಾರರು ಬಂದ ರಾತ್ರಿ ನಮ್ಮೂರಲ್ಲಿ ದುಡ್ಡು ಕಮ್ಮಿ ಬೀಳಬಹುದು, ಎಲೆ ಹಾಕೋದು ತಪ್ಪಲ್ಲ.

ಡಿಸೆಂಬರಿನಲ್ಲಿ ಜಯನಗರದ ಕಡೆಯಿಂದ ಇನ್ನೊಬ್ಬರು ಕರೆದ್ರು. ಇವನು ಸೌಂಡ್ ಸಿಸ್ಟಮ್ ಬಗ್ಗೆ ಕೇಳಲಿಲ್ಲ, ಎಷ್ಟು ಕೊಡ್ತೀರಾ ಅಂತಲೂ ಕೇಳಲಿಲ್ಲ. "ಊಟ ಇರ್ತದಾ?" ಅಂದ. ಇಬ್ಬರಿಗೆ ಪಾಸ್ತಾ ಕೊಟ್ರು. ಆನೆ ಹಾಡಿಗೆ ಪರಿಹಾರದ ಚರಣವೂ ಸೇರಿತ್ತು, ಜನ ನಗೋ ಜಾಗದಲ್ಲೇ ನಕ್ಕರು.

ಅರಿಸಿನ ಕೀಳಕ್ಕೆ ಹದಿನೈದು ದಿನ ರಜ ಹಾಕಿ ಊರಿಗೆ ಹೋದ. ಗಿಟಾರ್ ಇಲ್ಲೇ ನನ್ನ ರೂಮಲ್ಲೇ ಬಿಟ್ಟು ಹೋದ. ಚಿಕ್ಕಪ್ಪ ಅದನ್ನ ಗಮನಿಸಿ, "ವಾಪಸ್ ಓಯ್ತಾನೆ ಅಂತ ಆಯ್ತು" ಅಂದ್ರಂತೆ. ಬೈದಿದ್ದೋ ಒಪ್ಪಿದ್ದೋ, ಅವರ ದನಿಯಲ್ಲಿ ಗೊತ್ತಾಗಲ್ಲ. ಹೊರಡೋ ದಿನ ಮಾತ್ರ ಚೀಲಕ್ಕೆ ಎರಡು ಕೆಜಿ ಅರಿಸಿನ ಹಾಕಿದ್ರು, ಬೆಂಗಳೂರಿನಲ್ಲಿ ಊಟ ಹಾಕಿದ ಮನೆಗೆ ಕೊಡು ಅಂತ.