ಕೋವಿಯಲ್ಲಿ ಎಷ್ಟು ಈಡು ಇರಬೇಕು?

ಆತ್ಮರಕ್ಷಣೆಯ ಪಿಸ್ತೂಲಿನಲ್ಲಿ ಎಷ್ಟು ಗುಂಡು ಇರಬೇಕು ಎನ್ನುವ ಅಮೆರಿಕದ ವಿಡಿಯೋಗಳು ಈಗ ನಮ್ಮ ಮಲೆನಾಡಿನ ಹುಡುಗರ ಮೊಬೈಲಿಗೂ ಬರುತ್ತವೆ. ಗ್ಲಾಕ್ 17ರಲ್ಲಿ 17 ಗುಂಡು. 2014ರಲ್ಲಿ ಮಹಿಳೆಯರಿಗೆಂದು ನಮ್ಮ ದೇಶದಲ್ಲೇ ತಯಾರಾದ ‘ನಿರ್ಭೀಕ್’ ರಿವಾಲ್ವರಿನಲ್ಲಿ 6.

ನಮ್ಮ ಮನೆಗಳಲ್ಲಿರುವುದು ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ. ಒಂಟಿ ನಳಿಗೆಯಾದರೆ ಒಂದು ಈಡು, ಜೋಡು ನಳಿಗೆಯಾದರೆ ಎರಡು. ಕೇಪಿನ ಕೋವಿಯಾದರೆ ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕು. ಅಷ್ಟರಲ್ಲಿ ಹಂದಿ ಗದ್ದೆ ದಾಟಿರುತ್ತದೆ.

ಹೆಚ್ಚು ಗುಂಡು ಬೇಕೆನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಭಯದಲ್ಲಿ ಕೈ ನಡುಗುತ್ತದೆ, ಗುರಿ ತಪ್ಪುತ್ತದೆ. 1986ರಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಎದುರು ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಆ ಸಂಸ್ಥೆ ರಿವಾಲ್ವರ್ ಬಿಟ್ಟು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲಿನ ಕಡೆ ಹೊರಳಿತು.

ಆದರೆ ಗುರಿ ತಪ್ಪಿದ ಗುಂಡೂ ಎಲ್ಲೋ ಹೋಗಿ ತಾಗುತ್ತದಲ್ಲ? ನಮ್ಮ ತೋಟದಾಚೆ ಪಕ್ಕದ ಮನೆಯ ಅಂಗಳವಿದೆ, ಕೂಲಿಯವರು ಓಡಾಡುವ ಕಾಲುದಾರಿಯಿದೆ. ಕತ್ತಲಲ್ಲಿ ಸದ್ದು ಬಂದ ಕಡೆ ಈಡು ಹೊಡೆದು ಮನುಷ್ಯರೇ ಬಿದ್ದ ಸುದ್ದಿ ಮಲೆನಾಡಿಗೆ ಹೊಸದಲ್ಲ. ಅಂಥದ್ದೊಂದು ಸುದ್ದಿ ಬರೆಯಲು ಹೋದಾಗ ಕೋವಿಯಲ್ಲಿ ಎಷ್ಟು ಈಡಿತ್ತು ಎಂಬ ಮಾತೇ ಅಲ್ಲಿ ಬರಲಿಲ್ಲ. ‘ಒಂದು ಸಲ ಟಾರ್ಚ್ ಬಿಟ್ಟು ನೋಡಿದ್ದರೆ’ ಎಂದಷ್ಟೇ ಎಲ್ಲರೂ ಅನ್ನುತ್ತಿದ್ದರು.

ನಿಮ್ಮ ಮನೆಯಲ್ಲಿ ಕೋವಿ ಇದ್ದರೆ, ಬೇಲಿಯಾಚೆ ಯಾವ ಕಡೆ ಮನೆಯಿದೆ, ಯಾವ ಕಡೆ ದಾರಿಯಿದೆ ಎಂದು ಹಗಲಲ್ಲೇ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿ.